ಎಲ್ಲರೂ ಹೋಗದ ದೇಶಕ್ಕೊಂದು ಪ್ರವಾಸ

'ದೇಶ ಸುತ್ತು, ಕೋಶ ಓದು' ಎಂಬುದು ಕನ್ನಡಿಗರಿಗೆ ಹೊಸ ಮಾತಲ್ಲ. ಆ ಮಾತನ್ನು ಆಡಿದ ಹಿರಿಯರ ಮನಸ್ಸಿನಲ್ಲಿದ್ದುದು ಬಹುಶಃ ಕಾಶಿ, ರಾಮೇಶ್ವರಗಳು. ಇಂದು ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದು, ದೆಹಲಿಗಳಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳಿಗೆ ವಿದೇಶ ಪ್ರವಾಸವೂ ಅಪರೂಪದ ಸಂಗತಿಯಾಗಿ ಉಳಿದಿಲ್ಲ. ಪರದೇಶಕ್ಕೆ ಹೊರಟವರ ಕೈಗೆ ಎಂಟು ಡಾಲರು ಕೊಟ್ಟು ಕಳುಹಿಸುತ್ತಿದ್ದ ಕಾಲವನ್ನು ಹಿರಿಯರು ಈಗಲೂ ನೆನೆಯುವುದುಂಟು. 1973ರ ವಿದೇಶಿ ವಿನಿಮಯ ನಿಯಂತ್ರಣ ಕಾಯಿದೆ ಹೋಗಿ, 2000ದ ಜೂನ್ ತಿಂಗಳಿನಿಂದ ಅದರ ಜಾಗದಲ್ಲಿ ಉದಾರವಾದ ಇನ್ನೊಂದು ಕಾಯಿದೆ ಬಂದಿತು. 2004ರಲ್ಲಿ ರಿಸರ್ವ್ ಬ್ಯಾಂಕು ವ್ಯಕ್ತಿಯೊಬ್ಬನು ವರ್ಷಕ್ಕೆ 25,000 ಡಾಲರುಗಳನ್ನು ಹೊರದೇಶಕ್ಕೆ ಕಳುಹಿಸಲು ಅವಕಾಶ ಕೊಟ್ಟಿತು. 2015ರಿಂದ ಆ ಮಿತಿ 2,50,000 ಡಾಲರಿಗೆ ಏರಿದೆ. ಮಧ್ಯಮ ವರ್ಗದ ಸಂಸಾರಕ್ಕೆ ಈಗ ಅಡ್ಡಿಯಾಗಿರುವುದು ಕಾಯಿದೆಯಲ್ಲ, ತನ್ನ ಸ್ವಂತ ಉಳಿತಾಯ ಖಾತೆಯ ಶಿಲ್ಕು ಮಾತ್ರ.

ಹೀಗೆ ಬಾಗಿಲು ತೆರೆದರೂ ಅದರಿಂದ ಹೊರಬಿದ್ದವರು ಒಂದೇ ದಿಕ್ಕಿಗೆ ನಡೆಯುತ್ತಿರುವುದು ಕುತೂಹಲದ ವಿಷಯ. ಸಿಂಗಪುರ, ಬ್ಯಾಂಕಾಕು, ದುಬೈ. ತುಸು ಹೆಚ್ಚು ಹಣವಿದ್ದರೆ ಸ್ವಿಟ್ಜರ್ಲೆಂಡು, ಪ್ಯಾರಿಸು. ನೆರೆಮನೆಯವರು ಹೋಗಿ ಬಂದಿರುತ್ತಾರೆ, ಚಲನಚಿತ್ರದ ಹಾಡಿನಲ್ಲಿ ಆ ಹಿಮಪರ್ವತವನ್ನು ಕಂಡಿರುತ್ತೇವೆ, ಪ್ರವಾಸ ಸಂಸ್ಥೆಯವರು ಅನ್ನ ಸಾರು ಬಡಿಸುವ ಅಡಿಗೆಯವರನ್ನೂ ಜೊತೆಗೆ ಕಳುಹಿಸುತ್ತಾರೆ. ಈ ಅನುಕೂಲಗಳನ್ನು ಹಗುರವಾಗಿ ಕಾಣಬೇಕಾದ್ದಿಲ್ಲ. ಮೊದಲ ಸಲ ಹೊರದೇಶಕ್ಕೆ ಹೊರಟ ವೃದ್ಧ ದಂಪತಿಗಳಿಗೆ ಅವು ದೊಡ್ಡ ಆಸರೆಯೇ ಸರಿ. ಆದರೆ ಹತ್ತು ದಿನಗಳಲ್ಲಿ ಆರು ದೇಶಗಳನ್ನು ತೋರಿಸುವ ಪ್ರವಾಸವನ್ನು ಮುಗಿಸಿ ಬಂದವರನ್ನು ವಿಚಾರಿಸಿದರೆ ಇನ್ನೊಂದು ಮುಖವೂ ಗೋಚರವಾಗುತ್ತದೆ. ಬೆಳಗಾಗುವ ಮೊದಲೇ ಪೆಟ್ಟಿಗೆ ಕಟ್ಟಬೇಕು; ದಿನಕ್ಕೆ ಐದಾರು ಗಂಟೆ ಬಸ್ಸಿನಲ್ಲಿ ಕೂರಬೇಕು; ಸ್ಮಾರಕದ ಎದುರಿಗೆ ಒಂದು ಗಂಟೆ ಸರದಿಯಲ್ಲಿ ನಿಂತು ಇಪ್ಪತ್ತು ನಿಮಿಷ ನೋಡಬೇಕು. ಮಂಡಿನೋವಿನ ತಾಯಿಗೂ ಸಕ್ಕರೆ ಕಾಯಿಲೆಯ ತಂದೆಗೂ ಇದು ವಿಶ್ರಾಂತಿಯೇ ಎಂಬುದನ್ನು ಮಕ್ಕಳು ಕೇಳಿಕೊಳ್ಳುವುದು ಕಡಿಮೆ.

ಇದಕ್ಕೆ ಬದಲಾಗಿ ಹೆಚ್ಚು ಜನ ಹೋಗದ ದೇಶವೊಂದನ್ನು ಆರಿಸಿಕೊಂಡರೆ ಹೇಗೆ ಎಂಬ ಯೋಚನೆ ಕೆಲವರಿಗೆ ಬಂದಿದೆ. ಯೋಚನೆ ಒಳ್ಳೆಯದು. ಆದರೆ ನೂತನವೆಂಬ ಒಂದೇ ಕಾರಣಕ್ಕೆ ಆರಿಸುವುದು ಕಂಪನಿಯ ಹೆಸರು ಹೊಸದಾಗಿದೆಯೆಂದು ಷೇರು ಕೊಂಡಂತೆ. ಜನ ಆ ದೇಶಕ್ಕೆ ಏಕೆ ಹೋಗುವುದಿಲ್ಲ ಎಂಬ ಪ್ರಶ್ನೆಯನ್ನು ಮೊದಲು ಕೇಳಬೇಕು. ಕೆಲವು ದೇಶಗಳಿಗೆ ಜನ ಹೋಗದಿರುವುದು ಯುದ್ಧ, ದಂಗೆಗಳ ಭಯದಿಂದ. ಅಂಥಲ್ಲಿಗೆ ಸಂಸಾರಸ್ಥರು ಹೋಗತಕ್ಕದ್ದಲ್ಲ. ಅಗ್ಗದ ಟಿಕೆಟ್ಟು ಸಿಕ್ಕಿತೆಂಬುದು ಅದಕ್ಕೆ ಸಮಾಧಾನವಾಗದು. ಇನ್ನು ಕೆಲವಕ್ಕೆ ರೋಗಭಯ ಕಾರಣ. ಆಫ್ರಿಕದ ಹಾಗೂ ದಕ್ಷಿಣ ಅಮೆರಿಕದ ಹಲವು ದೇಶಗಳಿಗೆ ಹೋಗಿ ಬರುವವರು ಹಳದಿ ಜ್ವರದ ಲಸಿಕೆಯನ್ನು ಕಡೆಯ ಪಕ್ಷ ಹತ್ತು ದಿನ ಮುಂಚೆ ಹಾಕಿಸಿಕೊಂಡು ಪ್ರಮಾಣಪತ್ರ ಪಡೆದಿರಬೇಕು. ಅದಿಲ್ಲದೆ ಮರಳಿದರೆ ನಮ್ಮ ವಿಮಾನ ನಿಲ್ದಾಣದಲ್ಲಿಯೇ ತಡೆದು ಆರು ದಿನಗಳವರೆಗೆ ಪ್ರತ್ಯೇಕವಾಗಿ ಇರಿಸಬಹುದು. ಮೂರನೆಯ ಬಗೆಯ ದೇಶಗಳಿಗೆ ಇಂಥ ಯಾವ ದೋಷವೂ ಇರುವುದಿಲ್ಲ. ಚಿಕ್ಕವು, ಸಮುದ್ರತೀರವಿಲ್ಲದವು, ಜಾಹೀರಾತಿಗೆ ಹಣವಿಲ್ಲದವು, ಅಷ್ಟೇ. ನಿವೃತ್ತರು, ಮಧ್ಯವಯಸ್ಕರು ಹುಡುಕಬೇಕಾದದ್ದು ಈ ಬಗೆಯ ದೇಶವನ್ನು.

ಬಹುಮಟ್ಟಿಗೆ ಈ ಮೂರನೆಯ ಗುಂಪಿಗೆ ಸೇರುವ, ಆದರೆ ಮೊದಲನೆಯದರ ನೆರಳೂ ತುಸು ಬಿದ್ದಿರುವ ಆರ್ಮೇನಿಯ ದೇಶವನ್ನು ಇಲ್ಲಿ ಉದಾಹರಣೆಯಾಗಿ ನೋಡಬಹುದು.

ಕರ್ನಾಟಕದ ಆರರಲ್ಲೊಂದು ಪಾಲು

ಕಪ್ಪು ಸಮುದ್ರಕ್ಕೂ ಕ್ಯಾಸ್ಪಿಯನ್ ಸಮುದ್ರಕ್ಕೂ ನಡುವಿನ ಬೆಟ್ಟಸೀಮೆಯಲ್ಲಿರುವ ಆರ್ಮೇನಿಯದ ವಿಸ್ತೀರ್ಣ 29,743 ಚದರ ಕಿಲೋಮೀಟರು. ಕರ್ನಾಟಕದ ಆರರಲ್ಲೊಂದು ಪಾಲಿಗೂ ಇದು ಕಡಿಮೆ. ಜನಸಂಖ್ಯೆ ಸುಮಾರು 30 ಲಕ್ಷ. ಉತ್ತರಕ್ಕೆ ಜಾರ್ಜಿಯ, ದಕ್ಷಿಣಕ್ಕೆ ಇರಾನು, ಪೂರ್ವಕ್ಕೆ ಅಜರ್ಬೈಜಾನು, ಪಶ್ಚಿಮಕ್ಕೆ ತುರ್ಕಿ. ಎಪ್ಪತ್ತು ವರ್ಷ ಸೋವಿಯತ್ ಒಕ್ಕೂಟದ ಭಾಗವಾಗಿದ್ದು 1991ರ ಸೆಪ್ಟೆಂಬರ್ 21ರಂದು ಸ್ವಾತಂತ್ರ್ಯ ಘೋಷಿಸಿತು.

ರಾಜಧಾನಿ ಯೆರೆವಾನ್ ಬಹು ಪುರಾತನ ನಗರ. ಅರ್ಗಿಷ್ಟಿ ಎಂಬ ದೊರೆ ಕ್ರಿ.ಪೂ. 782ರಲ್ಲಿ ಅಲ್ಲಿ ಎರೆಬುನಿ ಎಂಬ ಕೋಟೆಯನ್ನು ಕಟ್ಟಿಸಿದನು. ಅದನ್ನು ಹೇಳುವ ಶಿಲಾಶಾಸನ ಇಂದಿಗೂ ಉಳಿದಿದೆ. ರೋಮ್ ನಗರದ ಸ್ಥಾಪನೆಗೆ ಸಂಪ್ರದಾಯವು ಹೇಳುವ ವರ್ಷ ಕ್ರಿ.ಪೂ. 753 ಎಂಬುದನ್ನು ನೆನೆದರೆ ಈ ಊರಿನ ವಯಸ್ಸು ಮನಸ್ಸಿಗೆ ತಟ್ಟುತ್ತದೆ. ಕ್ರಿ.ಶ. 301ರಲ್ಲಿ ಕ್ರೈಸ್ತಧರ್ಮವನ್ನು ರಾಜ್ಯಧರ್ಮವಾಗಿ ಅಂಗೀಕರಿಸಿದ ಪ್ರಪಂಚದ ಮೊದಲ ದೇಶ ಇದೆಂಬುದು ಪರಂಪರೆಯಿಂದ ಬಂದ ಮಾತು.

ಹಾಗಾದರೆ ಜನ ಏಕೆ ಹೋಗುವುದಿಲ್ಲ? 1993ರಲ್ಲಿ ತುರ್ಕಿಯು ತನ್ನ ಗಡಿಯನ್ನು ಮುಚ್ಚಿತು. ಅಜರ್ಬೈಜಾನಿನ ಗಡಿಯೂ ಮುಚ್ಚಿತು. ನಾಗೋರ್ನೋ ಕರಬಾಖ್ ಎಂಬ ಪ್ರದೇಶಕ್ಕಾಗಿ 2020ರಲ್ಲಿ ನಲವತ್ತನಾಲ್ಕು ದಿನಗಳ ಯುದ್ಧವಾಯಿತು. 2023ರ ಸೆಪ್ಟೆಂಬರಿನಲ್ಲಿ ಅಲ್ಲಿಂದ ಒಂದು ಲಕ್ಷಕ್ಕೂ ಹೆಚ್ಚು ಆರ್ಮೇನಿಯನ್ನರು ಮನೆಮಠ ಬಿಟ್ಟು ಬಂದರು. 2025ರ ಆಗಸ್ಟ್ 8ರಂದು ವಾಷಿಂಗ್ಟನ್ನಿನಲ್ಲಿ ಎರಡೂ ದೇಶಗಳ ವಿದೇಶಾಂಗ ಸಚಿವರು ಶಾಂತಿ ಒಪ್ಪಂದದ ಕರಡಿಗೆ ಸಂಕ್ಷಿಪ್ತ ಸಹಿ ಹಾಕಿದ್ದಾರೆ. ಈ ಇತಿಹಾಸವನ್ನು ಮುಚ್ಚಿಟ್ಟು ದೇಶವನ್ನು ಹೊಗಳುವುದು ಪ್ರಾಮಾಣಿಕತೆಯಾಗದು. ಪ್ರವಾಸಿಗಳು ನೋಡುವ ಸ್ಥಳಗಳಲ್ಲಿ ಬಹುಪಾಲು ಯೆರೆವಾನಿನ ಸುತ್ತಮುತ್ತಲೇ ಇವೆ. ಆದರೂ ಟಿಕೆಟ್ಟು ಕೊಳ್ಳುವ ಮುನ್ನ ಒಮ್ಮೆ, ಹೊರಡುವ ವಾರ ಇನ್ನೊಮ್ಮೆ ನಮ್ಮ ವಿದೇಶಾಂಗ ಸಚಿವಾಲಯದ ಸೂಚನೆಯನ್ನು ನೋಡಿಕೊಳ್ಳಬೇಕು, ಗಡಿ ಹಳ್ಳಿಗಳ ಕಡೆಗೆ ಹೋಗಬಾರದು. ಯೆರೆವಾನಿನಲ್ಲಿ ಭಾರತದ ರಾಯಭಾರ ಕಚೇರಿ ಇದೆ. ಅಲ್ಲಿನ ವೈದ್ಯಕೀಯ ವಿಶ್ವವಿದ್ಯಾಲಯದಲ್ಲಿ ಭಾರತೀಯ ವಿದ್ಯಾರ್ಥಿಗಳು ಬಹಳ ವರ್ಷಗಳಿಂದ ಓದುತ್ತಿರುವುದರಿಂದ ಭಾರತೀಯರ ಮುಖ ಆ ಊರಿಗೆ ಅಪರಿಚಿತವಲ್ಲ.

ಮದರಾಸಿನ ಹಳೆಯ ನಂಟು

ಚೆನ್ನೈ ಕನ್ನಡಿಗರಿಗೆ ಈ ದೇಶದ ಹೆಸರು ಕಿವಿಗೆ ಬಿದ್ದಿರಲೇಬೇಕು. ಜಾರ್ಜ್ ಟೌನಿನ ಅರ್ಮೇನಿಯನ್ ಬೀದಿಯಲ್ಲಿ, ಹೈಕೋರ್ಟಿನ ಸಮೀಪದಲ್ಲಿ, 1772ರಲ್ಲಿ ಕಟ್ಟಿದ ಆರ್ಮೇನಿಯನ್ ಇಗರ್ಜಿ ಇದೆ. ವ್ಯಾಪಾರಕ್ಕಾಗಿ ಬಂದು ಮದರಾಸಿನಲ್ಲಿ ನೆಲೆ ನಿಂತ ಆರ್ಮೇನಿಯನ್ನರ ಗುಡಿಯದು. ಅವರಲ್ಲೊಬ್ಬನಾದ ಪೆತ್ರೂಸ್ ಉಸ್ಕಾನ್ ಎಂಬ ಸಾಹುಕಾರನು 1726ರಲ್ಲಿ ಸೈದಾಪೇಟೆಯ ಬಳಿ ಅಡ್ಯಾರ್ ನದಿಗೆ ಸೇತುವೆ ಕಟ್ಟಿಸಿದನು; ಪರಂಗಿಮಲೆಯ ಮೆಟ್ಟಿಲುಗಳೂ ಅವನ ಕೊಡುಗೆಯೇ. ಮುಂಬಯಿ ಕೋಟೆಯ ಮೆಡೋಸ್ ಬೀದಿಯಲ್ಲಿಯೂ 1796ರ ಆರ್ಮೇನಿಯನ್ ಇಗರ್ಜಿಯೊಂದುಂಟು.

ಇದಕ್ಕಿಂತ ಸ್ವಾರಸ್ಯದ ಸಂಗತಿ ಇನ್ನೊಂದಿದೆ. ಜಗತ್ತಿನಲ್ಲಿಯೇ ಆರ್ಮೇನಿಯನ್ ಭಾಷೆಯ ಮೊಟ್ಟಮೊದಲ ಪತ್ರಿಕೆ ಅಚ್ಚಾದದ್ದು ಆರ್ಮೇನಿಯದಲ್ಲಲ್ಲ, ಮದರಾಸಿನಲ್ಲಿ. ಅದರ ಹೆಸರು 'ಅಜ್ದರಾರ್'. ಹರುತ್ಯೂನ್ ಷ್ಮಾವೋನ್ಯಾನ್ ಎಂಬ ಪಾದ್ರಿಯು 1794ರಿಂದ 1796ರವರೆಗೆ ಅದನ್ನು ನಡೆಸಿದನು. ಅವನ ಸಮಾಧಿಯೂ ಆ ಇಗರ್ಜಿಯ ಅಂಗಳದಲ್ಲಿಯೇ ಇದೆ. ಕನ್ನಡದ ಮೊದಲ ಪತ್ರಿಕೆಯಾದ 'ಮಂಗಳೂರು ಸಮಾಚಾರ' ಹೊರಟದ್ದು 1843ರಲ್ಲಿ. ತಾಯ್ನಾಡಿನಿಂದ ಸಾವಿರಾರು ಮೈಲಿ ದೂರದ ಪರಸ್ಥಳದಲ್ಲಿ ಹಿಡಿಯಷ್ಟು ಜನ ಸೇರಿ ತಮ್ಮ ನುಡಿಯಲ್ಲಿ ಪತ್ರಿಕೆ ಮುದ್ರಿಸಿದರೆಂಬುದನ್ನು, ಹೊರನಾಡಿನ ಕನ್ನಡ ಸಂಘವೊಂದರ ಸ್ಮರಣ ಸಂಚಿಕೆಯನ್ನು ಕೈಯಲ್ಲಿ ಹಿಡಿದವರಿಗೆ ವಿವರಿಸಿ ಹೇಳಬೇಕಾದ್ದಿಲ್ಲ.

ಆರ್ಮೇನಿಯನ್ನರ ಲಿಪಿಯನ್ನು ಮೆಸ್ರೋಪ್ ಮಾಷ್ತೋತ್ಸ್ ಎಂಬ ಸಂತನು ಕ್ರಿ.ಶ. 405ರ ಸುಮಾರಿಗೆ ರೂಪಿಸಿದನು. ನಮ್ಮ ಹಲ್ಮಿಡಿ ಶಾಸನದ ಕಾಲ ಸುಮಾರು 450 ಎಂದು ವಿದ್ವಾಂಸರು ಹೇಳುತ್ತ ಬಂದಿದ್ದಾರೆ. ಎರಡಕ್ಕೂ ನಡುವೆ ಅರ್ಧ ಶತಮಾನದ ಅಂತರ. ಯೆರೆವಾನಿನ ಮುಖ್ಯ ರಸ್ತೆಗೆ ಲಿಪಿಕಾರನ ಹೆಸರಿದೆ. ಆ ರಸ್ತೆಯ ತುದಿಯಲ್ಲಿ ಮಾತೆನಾದರಾನ್ ಎಂಬ ಹಸ್ತಪ್ರತಿ ಭಂಡಾರವಿದೆ. ಅದರಲ್ಲಿ ಸುಮಾರು 23,000 ಹಸ್ತಪ್ರತಿಗಳಿವೆ. ಅವುಗಳಲ್ಲೊಂದು, ಹದಿಮೂರನೆಯ ಶತಮಾನದ ಆರಂಭದಲ್ಲಿ ಚರ್ಮದ ಹಾಳೆಗಳ ಮೇಲೆ ಬರೆದದ್ದು, ಸುಮಾರು 28 ಕಿಲೋ ತೂಗುತ್ತದೆ. 1915ರಲ್ಲಿ ಒಟ್ಟೊಮನ್ ಆಳ್ವಿಕೆಯಡಿ ಲಕ್ಷಾಂತರ ಆರ್ಮೇನಿಯನ್ನರ ಕಗ್ಗೊಲೆ ನಡೆದಾಗ ಇಬ್ಬರು ಹೆಂಗಸರು ಈ ಗ್ರಂಥವನ್ನು ಎರಡು ಭಾಗ ಮಾಡಿ ಹೊತ್ತು ಉಳಿಸಿದರೆಂದು ಹೇಳುತ್ತಾರೆ. ಓಲೆಗರಿಗಳ ಕಟ್ಟನ್ನು ಅಟ್ಟದಿಂದ ಇಳಿಸಿ ಹಳೆಯ ಸಾಮಾನಿನವನಿಗೆ ಕೊಟ್ಟ ಮನೆಗಳು ನಮ್ಮಲ್ಲಿ ಎಷ್ಟಿವೆಯೋ! ಮಕ್ಕಳನ್ನು ಕರೆದುಕೊಂಡು ಹೋಗುವವರು ಈ ಭಂಡಾರಕ್ಕೆ ಅರ್ಧ ದಿನವನ್ನಾದರೂ ಮೀಸಲಿಡಬೇಕು.

ಒಂದೇ ಹಾಸಿಗೆ, ಹಲವು ನೋಟ

ಆರೋಗ್ಯದ ದೃಷ್ಟಿಯಿಂದ ಈ ದೇಶದ ದೊಡ್ಡ ಗುಣವೆಂದರೆ ಅದರ ಚಿಕ್ಕತನ. ಯೆರೆವಾನಿನಲ್ಲಿ ಒಂದೇ ಕಡೆ ಕೊಠಡಿ ಹಿಡಿದು, ಬೆಳಿಗ್ಗೆ ತಿಂಡಿ ಮುಗಿಸಿ ಹೊರಟು, ಸಂಜೆಗೆ ಅದೇ ಹಾಸಿಗೆಗೆ ಮರಳಬಹುದು. ಪ್ರತಿದಿನ ಪೆಟ್ಟಿಗೆ ಕಟ್ಟುವ ಕಷ್ಟವಿಲ್ಲ. ಔಷಧಿಗಳನ್ನು ಒಂದೇ ಜಾಗದಲ್ಲಿ ಜೋಡಿಸಿಡಬಹುದು. ಒಬ್ಬರಿಗೆ ಮೈ ಸರಿಯಿಲ್ಲದಿದ್ದರೆ ಆ ದಿನ ವಿಶ್ರಮಿಸಬಹುದು.

ಊರಿನಿಂದ 28 ಕಿಲೋಮೀಟರು ದೂರದಲ್ಲಿ ಗಾರ್ನಿ ದೇವಾಲಯವಿದೆ. ಇಪ್ಪತ್ತನಾಲ್ಕು ಕಂಬಗಳ ಈ ಗುಡಿ ಕ್ರಿ.ಶ. ಒಂದನೆಯ ಶತಮಾನದ್ದು, ಮಿಹ್ರ್ ಎಂಬ ಸೂರ್ಯದೇವತೆಯದೆಂದು ನಂಬಿಕೆ. ವೇದದ ಮಿತ್ರನಿಗೂ ಈ ಮಿಹ್ರನಿಗೂ ಹೆಸರಿನ ನಂಟುಂಟು. 1679ರ ಭೂಕಂಪದಲ್ಲಿ ಕುಸಿದಿದ್ದ ಗುಡಿಯನ್ನು 1969ರಿಂದ 1975ರವರೆಗೆ ಹಳೆಯ ಕಲ್ಲುಗಳನ್ನೇ ಸಾಧ್ಯವಾದಷ್ಟೂ ಬಳಸಿ ಮತ್ತೆ ನಿಲ್ಲಿಸಿದರು. ಅಲ್ಲಿಂದ ಸ್ವಲ್ಪ ಮುಂದೆ ಬೆಟ್ಟದ ಕಲ್ಲನ್ನೇ ಕೊರೆದು ಮಾಡಿದ ಗೆಗಾರ್ಡ್ ಮಠವಿದೆ. ಬಾದಾಮಿಯ ಗುಹೆಗಳನ್ನು ಕಂಡವರಿಗೆ ಇಲ್ಲಿನ ಶಿಲ್ಪಿಗಳ ಶ್ರಮದ ಅಂದಾಜು ಬೇಗ ಸಿಕ್ಕುತ್ತದೆ. ಒಳಗಿನ ಕಲ್ಲುಕೋಣೆಯಲ್ಲಿ ಒಬ್ಬರು ಮೆಲ್ಲನೆ ಹಾಡಿದರೂ ನಾಲ್ಕು ಗೋಡೆಗಳೂ ಮರುದನಿಗೊಡುತ್ತವೆ. 2000ದಲ್ಲಿ ಯುನೆಸ್ಕೋ ಇದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಅದೇ ವರ್ಷ ಪಟ್ಟಿಗೆ ಸೇರಿದ ಎಚ್ಮಿಯಾಜಿನ್ ಪ್ರಧಾನ ಇಗರ್ಜಿಯು ರಾಜಧಾನಿಯಿಂದ ಇಪ್ಪತ್ತು ಕಿಲೋಮೀಟರಿನಷ್ಟು ಮಾತ್ರ.

ದಕ್ಷಿಣದ ಖೋರ್ ವಿರಾಪ್ ಮಠದ ಅಂಗಳದಲ್ಲಿ ನಿಂತರೆ ಎದುರಿಗೆ 5,137 ಮೀಟರು ಎತ್ತರದ ಅರಾರತ್ ಪರ್ವತ. ಆರ್ಮೇನಿಯನ್ನರಿಗೆ ಅದು ಕೈಲಾಸದಂತೆ. ಅವರ ರಾಜಮುದ್ರೆಯಲ್ಲಿಯೂ ಅದೇ ಇದೆ. ಆದರೆ ಪರ್ವತ ಇರುವುದು ತುರ್ಕಿಯ ನೆಲದಲ್ಲಿ. ಮುಳ್ಳುತಂತಿಯ ಈಚೆಯಿಂದ ನೋಡಬೇಕು. ಆ ದೇಶದ ದುಃಖವನ್ನು ಪುಸ್ತಕಗಳಿಗಿಂತ ಈ ಒಂದು ನೋಟ ಚೆನ್ನಾಗಿ ತಿಳಿಸುತ್ತದೆ. ಮಠದೊಳಗೆ ಸಂತ ಗ್ರಿಗರಿಯನ್ನು ಸೆರೆಯಿಟ್ಟಿದ್ದರೆನ್ನುವ ಆಳವಾದ ಗುಂಡಿಯುಂಟು. ಕಡಿದಾದ ಏಣಿಯನ್ನು ಹಿಡಿದು ಇಳಿಯಬೇಕಾದ್ದರಿಂದ ಮಂಡಿನೋವಿನವರೂ ಇಕ್ಕಟ್ಟು ಜಾಗದಲ್ಲಿ ಉಸಿರು ಕಟ್ಟುವವರೂ ಮೇಲೆಯೇ ನಿಲ್ಲುವುದು ಲೇಸು.

ಸೆವಾನ್ ಸರೋವರ ಯೆರೆವಾನಿನಿಂದ ಒಂದು ಗಂಟೆಗೆ ತುಸು ಹೆಚ್ಚಿನ ದಾರಿ. ಸಮುದ್ರಮಟ್ಟದಿಂದ ಸುಮಾರು 1,900 ಮೀಟರು, ಎಂದರೆ ಹೆಚ್ಚುಕಡಿಮೆ ನಮ್ಮ ಮುಳ್ಳಯ್ಯನಗಿರಿಯ ನೆತ್ತಿಯಷ್ಟು ಎತ್ತರದಲ್ಲಿ, ಹನ್ನೆರಡು ನೂರು ಚದರ ಕಿಲೋಮೀಟರಿಗೂ ಮೀರಿ ಹರಡಿದ ಸಿಹಿನೀರು! ಸೋವಿಯತ್ ಕಾಲದಲ್ಲಿ ವಿದ್ಯುತ್ತಿಗೂ ನೀರಾವರಿಗೂ ನೀರನ್ನು ಬೇಕಾಬಿಟ್ಟಿ ಹರಿಸಿದ್ದರಿಂದ ಮಟ್ಟ ಇಪ್ಪತ್ತು ಮೀಟರಿನಷ್ಟು ಇಳಿಯಿತು. ದ್ವೀಪದ ಮೇಲಿದ್ದ ಒಂಬತ್ತನೆಯ ಶತಮಾನದ ಮಠ ಈಗ ದಡಕ್ಕೆ ಅಂಟಿಕೊಂಡಿದೆ. ತಪ್ಪನ್ನು ತಿದ್ದಲು ಬೇರೆ ನದಿಯ ನೀರನ್ನು ಸುರಂಗದ ಮೂಲಕ ತರುವ ಕೆಲಸ 1981ರಲ್ಲಿ ಮುಗಿಯಿತು. ಮಠಕ್ಕೆ ಇನ್ನೂರಕ್ಕೂ ಹೆಚ್ಚು ಮೆಟ್ಟಿಲುಗಳಿವೆ. ಹತ್ತಲಾರದವರಿಗೆ ಕೆಳಗಿನ ದಡವೇ ಸಾಕು.

ದೂರದ ತಾತೇವ್ ಮಠಕ್ಕೆ 2010ರಲ್ಲಿ ತೆರೆದ 5.7 ಕಿಲೋಮೀಟರಿನ ತೂಗುತೊಟ್ಟಿಲ ದಾರಿ ಇದೆ, ನೋಡತಕ್ಕದ್ದೇ. ಆದರೆ ಯೆರೆವಾನಿನಿಂದ ಹೋಗಿ ಬರಲು ಇಡೀ ದಿನ ಕಾರಿನಲ್ಲಿ ಕೂರಬೇಕಾಗುವುದರಿಂದ ಅದನ್ನು ತರುಣರಿಗೆ ಬಿಡಬಹುದು.

ಸಸ್ಯಾಹಾರಿಗಳ ಪಾಡು

ಇದು ಮಾಂಸ ತಿನ್ನುವ ಜನರ ದೇಶ. ಆದರೂ ಸಸ್ಯಾಹಾರಿಗಳಿಗೆ ಅವರ ಧರ್ಮವೇ ಒಂದು ದಾರಿ ಮಾಡಿಕೊಟ್ಟಿದೆ. ಈಸ್ಟರಿಗೆ ಮುಂಚಿನ ಏಳು ವಾರಗಳ ಉಪವಾಸದಲ್ಲಿ ಶ್ರದ್ಧಾವಂತರು ಮಾಂಸ, ಮೊಟ್ಟೆ, ಹಾಲು ಮುಟ್ಟುವುದಿಲ್ಲ. ಆ ವ್ರತದ ಅಡಿಗೆಗೆ 'ಪಾಸುತ್ಸ್' ಎಂಬ ಹೆಸರುಂಟು. ಹೋಟೆಲಿನಲ್ಲಿ ಈ ಒಂದು ಮಾತನ್ನು ಹೇಳಿದರೆ ಉದ್ದನೆಯ ವಿವರಣೆ ಬೇಕಾಗುವುದಿಲ್ಲ. ಕಾಳುಬೇಳೆಗಳನ್ನು ಕೋಸಿನ ಎಲೆಯಲ್ಲಿ ಸುತ್ತಿದ ಪಾಸುತ್ಸ್ ತೋಲ್ಮಾ ವರ್ಷದ ಇತರ ದಿನಗಳಲ್ಲಿಯೂ ಹಲವೆಡೆ ಸಿಗುತ್ತದೆ. ನಾನಾ ಬಗೆಯ ಸೊಪ್ಪು ತುಂಬಿ ಕಾವಲಿಯ ಮೇಲೆ ಬೇಯಿಸಿದ ಝೆಂಗ್ಯಾಲೋವ್ ಹಾತ್ಸ್ ನಮ್ಮ ಹೆಂಗಸರಿಗೆ ತಕ್ಷಣ ಮೆಚ್ಚುಗೆಯಾಗುವ ತಿನಿಸು. ಲವಾಶ್ ಎಂಬ ತೆಳುರೊಟ್ಟಿಯನ್ನು ನೆಲದಲ್ಲಿ ಹೂತ ಮಣ್ಣಿನ ಒಲೆಯ ಗೋಡೆಗೆ ಬಡಿದು ಸುಡುತ್ತಾರೆ. ಅದರ ತಯಾರಿಕೆಯನ್ನು 2014ರಲ್ಲಿ ಯುನೆಸ್ಕೋ ಪಾರಂಪರಿಕ ಕಲೆಯೆಂದು ಗುರುತಿಸಿತು. ಮೊಸರಿಗೆ ಅಲ್ಲಿ 'ಮಾತ್ಸೂನ್' ಎನ್ನುತ್ತಾರೆ. ಅದಕ್ಕೆ ನೀರು, ಉಪ್ಪು ಬೆರೆಸಿದರೆ 'ತಾನ್'. ಹೆಸರೇನೇ ಇರಲಿ, ಅದು ಮಜ್ಜಿಗೆಯೇ.

ಎಚ್ಚರಿಕೆಗಳೂ ಉಂಟು. 'ಸ್ಪಾಸ್' ಎಂಬ ಮೊಸರಿನ ಸಾರಿಗೆ ಮೊಟ್ಟೆ ಸೇರಿಸುವುದು ವಾಡಿಕೆ. ಗೋಧಿನುಚ್ಚಿನ ಅನ್ನವನ್ನು ಮಾಂಸದ ಸಾರಿನಲ್ಲಿ ಬೇಯಿಸಿರಬಹುದು. 'ಸುಜುಖ್' ಎಂಬ ಹೆಸರು ಆಕ್ರೋಟಿನ ಸರಕ್ಕೆ ದ್ರಾಕ್ಷಿರಸ ಮೆತ್ತಿದ ಸಿಹಿಗೂ ಇದೆ, ಮಾಂಸದ ತಿನಿಸಿಗೂ ಇದೆ. ಕೇಳದೆ ಬಾಯಿಗಿಡಬಾರದು. ಅವರ ಗಿಣ್ಣು, ಉಪ್ಪಿನಕಾಯಿಗಳಲ್ಲಿ ಉಪ್ಪು ಬಹಳ. ರಕ್ತದೊತ್ತಡವಿರುವವರು ರುಚಿ ನೋಡುವಷ್ಟರಲ್ಲಿಯೇ ನಿಲ್ಲಿಸುವುದು ಒಳ್ಳೆಯದು. ಒಣಹಣ್ಣುಗಳ ಅಂಗಡಿಯಲ್ಲಿ 'ಸಕ್ಕರೆ ಹಾಕಿಲ್ಲ' ಎಂದು ಹೇಳಿದರೂ ಸಕ್ಕರೆ ಕಾಯಿಲೆಯವರಿಗೆ ಅದು ಸಕ್ಕರೆಯೇ.

ಮೈಯ ಲೆಕ್ಕ

ದೇಶವನ್ನು ಆರಿಸುವಾಗ ಗಡಿಯಾರದ ವ್ಯತ್ಯಾಸವನ್ನು ನೋಡುವವರು ವಿರಳ. ಯೆರೆವಾನಿನ ಗಡಿಯಾರ ನಮ್ಮದಕ್ಕಿಂತ ಒಂದೂವರೆ ಗಂಟೆ ಹಿಂದೆ. ಅಮೆರಿಕಕ್ಕೆ ಹೋದವರ ನಿದ್ರೆ, ಹಸಿವುಗಳು ಒಂದು ವಾರ ಏರುಪೇರಾಗುವುದು ಎಲ್ಲರಿಗೂ ತಿಳಿದದ್ದೇ. ಇನ್ಸುಲಿನ್ ತೆಗೆದುಕೊಳ್ಳುವವರಿಗೆ ಆ ಏರುಪೇರು ಬರಿಯ ಬೇಸರವಲ್ಲ, ಅಪಾಯ. ಚುಚ್ಚುಮದ್ದಿನ ವೇಳೆ, ಪ್ರಮಾಣಗಳನ್ನು ವೈದ್ಯರಿಂದ ಹೊಸದಾಗಿ ಗೊತ್ತುಮಾಡಿಸಿಕೊಳ್ಳಬೇಕಾಗುತ್ತದೆ. ಒಂದೂವರೆ ಗಂಟೆಯ ವ್ಯತ್ಯಾಸದಲ್ಲಿ ಈ ತೊಡಕು ಬಹುಮಟ್ಟಿಗೆ ಇಲ್ಲ. ಮುಂಬಯಿಯಿಂದ ಕೊಲ್ಲಿ ರಾಷ್ಟ್ರವೊಂದರ ಮೂಲಕ ಹೋದರೆ ಮೂರು ಗಂಟೆಯ ಆಸುಪಾಸಿನ ಎರಡು ಹಾರಾಟಗಳು. ನಡುವೆ ಎದ್ದು ಓಡಾಡಲು ಬಿಡುವು ಸಿಗುತ್ತದೆ. ನಾಲ್ಕು ಗಂಟೆಗೂ ಹೆಚ್ಚು ಕಾಲ ಒಂದೇ ಸಮನೆ ಕುಳಿತವರ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಸಂಭವ ಹೆಚ್ಚು. ಆದ್ದರಿಂದ ದೂರದ ಊರುಗಳಿಂದ ಹೊರಡುವವರು ವಿಮಾನದಲ್ಲಿ ಆಗಾಗ ಪಾದಗಳನ್ನು ಆಡಿಸುತ್ತ, ನೀರು ಕುಡಿಯುತ್ತ ಇರಬೇಕು.

ಇನ್ಸುಲಿನ್ ಕೈಚೀಲದಲ್ಲಿಯೇ ಇರತಕ್ಕದ್ದು. ಸಾಮಾನಿನ ಪೆಟ್ಟಿಗೆಯಲ್ಲಿಟ್ಟರೆ ಚಳಿಗೆ ಹೆಪ್ಪುಗಟ್ಟಿ ಕೆಡಬಹುದು, ಪೆಟ್ಟಿಗೆಯೇ ತಪ್ಪಿಹೋಗಲೂಬಹುದು. ಮಾತ್ರೆಗಳನ್ನು ಮೂಲ ಪೊಟ್ಟಣದಲ್ಲಿಯೇ, ವೈದ್ಯರ ಚೀಟಿಯ ಸಮೇತ, ಬೇಕಾದುದಕ್ಕಿಂತ ಒಂದು ವಾರಕ್ಕೆ ಹೆಚ್ಚಾಗಿ ಒಯ್ಯಬೇಕು. ಚೀಟಿಯಲ್ಲಿ ಕಂಪನಿಯ ಹೆಸರಲ್ಲದೆ ಔಷಧದ ಮೂಲ ಹೆಸರೂ ಇರಲಿ. ನಮ್ಮ ಮಾರಾಟದ ಹೆಸರುಗಳು ಅಲ್ಲಿನ ಔಷಧದಂಗಡಿಗೆ ತಿಳಿಯವು. ಕೊಡೀನ್, ಟ್ರಾಮಡಾಲ್ ಸೇರಿದ ಕೆಮ್ಮು, ನೋವಿನ ಔಷಧಗಳ ವಿಷಯದಲ್ಲಿ ಕೊಲ್ಲಿ ರಾಷ್ಟ್ರಗಳೂ ಜಾರ್ಜಿಯವೂ ಬಹಳ ಬಿಗಿ. ಗೃಹಿಣಿಯರು ಗಮನಿಸಬೇಕಾದ ಇನ್ನೊಂದು ವಿಷಯ: ಸಂಯುಕ್ತ ಅರಬ್ ಸಂಸ್ಥಾನದಲ್ಲಿ ಗಸಗಸೆ ನಿಷಿದ್ಧ. ದುಬೈ ದಾರಿಯಾಗಿ ಹೋಗುವವರು ಗಸಗಸೆ ಹಾಕಿದ ಮಸಾಲೆಪುಡಿಯನ್ನೋ ಸಿಹಿಯನ್ನೋ ಅಭ್ಯಾಸಬಲದಿಂದ ಚೀಲಕ್ಕೆ ಹಾಕಿಕೊಳ್ಳಬಾರದು.

ಯೆರೆವಾನಿನ ಎತ್ತರ ಸರಾಸರಿ ಸಾವಿರ ಮೀಟರು; ಬೆಂಗಳೂರಿಗಿಂತ ಬಹಳ ಹೆಚ್ಚೇನಲ್ಲ. ಎತ್ತರದ ಕಾಯಿಲೆ ಸಾಮಾನ್ಯವಾಗಿ ಕಾಣಿಸುವುದು 2,500 ಮೀಟರು ದಾಟಿದ ಮೇಲೆ. ಆದರೆ ಬೇಸಿಗೆಯಲ್ಲಿ ಅರಗಾತ್ಸ್ ಪರ್ವತದ ಮೇಲಿನ ಕೊಳದವರೆಗೆ, ಎಂದರೆ ಸುಮಾರು 3,200 ಮೀಟರಿನವರೆಗೆ, ಕಾರು ಹೋಗುತ್ತದೆ. ಹೃದಯ, ಶ್ವಾಸಕೋಶಗಳ ತೊಂದರೆಯಿರುವವರು ವೈದ್ಯರ ಅಪ್ಪಣೆಯಿಲ್ಲದೆ ಅಲ್ಲಿಗೆ ಹೋಗಕೂಡದು. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಆರ್ಮೇನಿಯವನ್ನು ಮಲೇರಿಯಮುಕ್ತವೆಂದು ಘೋಷಿಸಿದೆ. ಊರಿನ ಬೀದಿಬೀದಿಗಳಲ್ಲಿ 'ಪುಲ್ಪುಲಾಕ್' ಎಂಬ ಕಲ್ಲಿನ ಕಾರಂಜಿಗಳಲ್ಲಿ ಬೆಟ್ಟದ ನೀರು ಚಿಮ್ಮುತ್ತಿರುತ್ತದೆ. ಸ್ಥಳೀಯರು ಅದನ್ನೇ ಕುಡಿಯುತ್ತಾರೆ. ಬೇಸಿಗೆಯ ಸೆಕೆ 35 ಡಿಗ್ರಿ ದಾಟುವುದುಂಟು, ಜನವರಿಯಲ್ಲಿ ನೀರು ಗಡ್ಡೆ ಕಟ್ಟುವ ಚಳಿ. ನಡುವಯಸ್ಸು ಮೀರಿದವರಿಗೆ ಮೇ ತಿಂಗಳೋ, ಸೆಪ್ಟೆಂಬರ್ ಅಕ್ಟೋಬರುಗಳೋ ಹಿತ.

ಭಾಷೆಯ ತೊಡಕನ್ನೂ ಹೇಳಬೇಕು. ವಯಸ್ಸಾದವರಿಗೆ ಆರ್ಮೇನಿಯನ್, ರಷ್ಯನ್ ಬರುತ್ತದೆ. ಇಂಗ್ಲಿಷು ತರುಣರಲ್ಲಿ ಮಾತ್ರ. ಎದೆನೋವು ಬಂದಾಗ ಕೈಸನ್ನೆಯಿಂದ ಕೆಲಸವಾಗದು. ಇರುವ ಕಾಯಿಲೆ, ತೆಗೆದುಕೊಳ್ಳುವ ಔಷಧ, ಒಗ್ಗದ ಔಷಧ, ರಕ್ತದ ಗುಂಪು ಇಷ್ಟನ್ನು ರಷ್ಯನ್ನಿಗೆ ಭಾಷಾಂತರಿಸಿದ ಒಂದು ಹಾಳೆ ಪಾಸ್‌ಪೋರ್ಟಿನೊಳಗೆ ಇರಲಿ.

ದುಡ್ಡಿನ ಲೆಕ್ಕ

ಭಾರತೀಯರಿಗೆ ಇ-ವೀಸಾ ಸೌಲಭ್ಯವಿದೆ. ಅರ್ಜಿಯನ್ನು ಆರ್ಮೇನಿಯ ಸರಕಾರದ ಅಧಿಕೃತ ತಾಣದಲ್ಲಿಯೇ ಸಲ್ಲಿಸಬೇಕು. ಅದರಂತೆಯೇ ಕಾಣುವ ಖಾಸಗಿ ತಾಣಗಳು ಹೆಚ್ಚಿನ ಶುಲ್ಕ ವಸೂಲು ಮಾಡುತ್ತವೆ. ಪ್ರಯಾಣ ವಿಮೆಯ ಪತ್ರದಲ್ಲಿ ಎರಡು ಷರತ್ತುಗಳನ್ನು ಕಣ್ಣಿಟ್ಟು ಓದತಕ್ಕದ್ದು. ಹಳೆಯ ಕಾಯಿಲೆಯ ಚಿಕಿತ್ಸೆಗೆ ಹಣ ಕೊಡುತ್ತಾರೆಯೇ ಎಂಬುದು ಒಂದು. ಹಲವು ಪಾಲಿಸಿಗಳಲ್ಲಿ ಪ್ರಾಣಾಪಾಯದ ಸಂದರ್ಭಕ್ಕೆ ಮಾತ್ರ, ಅದೂ ಮೊದಲೇ ತಿಳಿಸಿದ್ದರೆ ಮಾತ್ರ ಕೊಡುತ್ತಾರೆ. ಸರಕಾರ ಹೋಗಬೇಡಿರೆಂದ ಪ್ರದೇಶದಲ್ಲಿ ಪಾಲಿಸಿ ನಡೆಯುತ್ತದೆಯೇ ಎಂಬುದು ಎರಡನೆಯದು. ಮಧುಮೇಹವನ್ನು ಬಚ್ಚಿಟ್ಟು ನಾಲ್ಕು ಕಾಸು ಉಳಿಸಿದರೆ ಆಸ್ಪತ್ರೆಯ ಬಿಲ್ಲು ಬಂದಾಗ ವಿಮೆಯಿದ್ದೂ ಇಲ್ಲದಂತೆ.

ಪ್ರವಾಸಕ್ಕೆ ಸಾಲ ಕೊಡುವವರು ಈಗ ಮನೆಬಾಗಿಲಿಗೇ ಬರುತ್ತಾರೆ. ನಾಲ್ಕು ಲಕ್ಷ ರೂಪಾಯಿಗಳನ್ನು ಶೇಕಡಾ 12ರ ಬಡ್ಡಿಗೆ ಮೂರು ವರ್ಷದ ಅವಧಿಗೆ ತಂದರೆ ತಿಂಗಳ ಕಂತು 13,286 ರೂಪಾಯಿ. ಬಡ್ಡಿಯೇ 78,000 ರೂಪಾಯಿಗೂ ಮೇಲೆ. ಅದೇ ತಿಂಗಳಿಗೆ 10,000 ರೂಪಾಯಿಯಂತೆ ಶೇಕಡಾ 6.5ರ ಆವರ್ತ ಠೇವಣಿಯಲ್ಲಿ ಕಟ್ಟುತ್ತ ಹೋದರೆ ಮೂರು ವರ್ಷಕ್ಕೆ ನಾಲ್ಕು ಲಕ್ಷದ ಹತ್ತಿರ ಬರುತ್ತದೆ. ಮಕ್ಕಳ ಓದಿಗೋ ತಂದೆತಾಯಿಯರ ಚಿಕಿತ್ಸೆಗೋ ಸಾಲ ಮಾಡುವುದು ಬೇರೆ, ಅರಾರತ್ ನೋಡಲು ಸಾಲ ಮಾಡುವುದು ಬೇರೆ. ಪರ್ವತ ಮೂರು ವರ್ಷ ಕಾಯುತ್ತದೆ. ಸಿದ್ಧ ಪ್ರವಾಸವನ್ನು ಕೊಳ್ಳುವಾಗ ಮೂಲದಲ್ಲಿ ಸಂಗ್ರಹಿಸುವ ತೆರಿಗೆಯ ದರ 2023ರಿಂದೀಚೆಗೆ ಬದಲಾಗುತ್ತ ಬಂದಿದೆ. ಆ ದಿನದ ದರವನ್ನು ಕೇಳಿ ತಿಳಿಯಬೇಕು. ಅದು ಕಳೆದುಹೋದ ಹಣವಲ್ಲ. ರಸೀದಿಯನ್ನು ಜೋಪಾನವಾಗಿಟ್ಟರೆ ಆದಾಯ ತೆರಿಗೆಯ ಲೆಕ್ಕದಲ್ಲಿ ಜಮಾ ಆಗುತ್ತದೆ, ಹೆಚ್ಚಾದದ್ದು ಮರಳಿ ಬರುತ್ತದೆ.

ಆರ್ಮೇನಿಯದ ನಾಣ್ಯ ದ್ರಾಮ್. ನಮ್ಮ ಬ್ಯಾಂಕುಗಳಲ್ಲಿ ಅದನ್ನು ಕೇಳಿ ಪ್ರಯೋಜನವಿಲ್ಲ. ಡಾಲರು ಅಥವಾ ಯೂರೋ ಒಯ್ದು ಅಲ್ಲಿ ಬದಲಾಯಿಸಬೇಕು. ನೋಟುಗಳ ರೂಪದಲ್ಲಿ ಒಂದು ಪ್ರಯಾಣಕ್ಕೆ 3,000 ಡಾಲರುಗಳವರೆಗೆ ಒಯ್ಯಬಹುದು, ಉಳಿದದ್ದು ಕಾರ್ಡಿನಲ್ಲಿ. ಮಾಮೂಲು ಕ್ರೆಡಿಟ್ ಕಾರ್ಡಿನ ಮೇಲೆ ಸಾಮಾನ್ಯವಾಗಿ ಶೇಕಡಾ 2ರಿಂದ 3.5ರವರೆಗೆ ವಿನಿಮಯದ ಹೆಚ್ಚುವರಿ ಬೀಳುತ್ತದೆ. ಅಂಗಡಿಯ ಯಂತ್ರವು ರೂಪಾಯಿಯಲ್ಲಿ ಕೊಡುತ್ತೀರೋ ದ್ರಾಮಿನಲ್ಲೋ ಎಂದು ಕೇಳಿದರೆ ದ್ರಾಮ್ ಎನ್ನಬೇಕು. ರೂಪಾಯಿಯ ದರ ಅಂಗಡಿಯವನಿಗೇ ಅನುಕೂಲ. ಹಿಂದಿರುಗುವಾಗ ಉಳಿದ ದ್ರಾಮುಗಳನ್ನು ಯೆರೆವಾನಿನ ವಿಮಾನ ನಿಲ್ದಾಣದಲ್ಲಿಯೇ ಬದಲಾಯಿಸಿಕೊಳ್ಳತಕ್ಕದ್ದು. ಮನೆಗೆ ತಂದ ಡಾಲರು ನೋಟುಗಳಲ್ಲಿ 2,000ದವರೆಗೆ ಮುಂದಿನ ಪ್ರವಾಸಕ್ಕೆ ಇಟ್ಟುಕೊಳ್ಳಬಹುದು. ಮಿಕ್ಕಿದ್ದನ್ನು 180 ದಿನಗಳೊಳಗೆ ಬ್ಯಾಂಕಿಗೆ ಒಪ್ಪಿಸಬೇಕು.